ಮೂರನೆಯ ಗರಿ

ಹೊಳೆದಂಡೆಯ ಮಠದಲ್ಲಿ ಚೆನ್ನರಸನಷ್ಟು ಚೆಂದ ಪದ್ಯ ಕಟ್ಟುವವರು ಇನ್ನೊಬ್ಬರಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಚೆನ್ನರಸನಿಗೆ ಗೊತ್ತಿತ್ತು.

ಹಿಂದಿನ ವರ್ಷ ಮಾರಿಬೇನೆ ಬಡಿದು ಊರಿನ ಅರ್ಧ ಮನೆಗಳು ಖಾಲಿಯಾಗಿದ್ದವು. ಅದನ್ನು ತಾಳೆಗರಿಯಲ್ಲಿ ಬರೆಯಿರೆಂದು ಗುರುಗಳು ಚೆನ್ನರಸನಿಗೂ ಅವನ ಜೊತೆಯ ಶಿಷ್ಯ ಮೈಲಾರಿಗೂ ಹೇಳಿದರು. ಇಬ್ಬರದರಲ್ಲಿ ಒಂದನ್ನು ವರ್ಷಾಬ್ದಿಯ ದಿನ ಊರವರ ಮುಂದೆ ಓದುವುದೆಂದು ಮಾತಾಯಿತು.

ಚೆನ್ನರಸ ಎಂಬತ್ತು ಪದ್ಯ ಬರೆದ. ಕೆಂಡಗಣ್ಣಿನ ಮಾರಿ ಬಂದಳು, ಹದ್ದುಗಳು ಬಂದವು, ಹೆಣಗಳ ಬೆಟ್ಟವೇ ಎದ್ದಿತು. ನೆಟ್ಟಗೆ ಒಂದು ಪ್ರಾಸ ಕೂಡಿಸಲು ಬಾರದ ಮೈಲಾರಿ ಹನ್ನೆರಡೇ ಗರಿ ಬರೆದ, ಅದೂ ಬರೀ ಮಾತು.

ಎಂಬತ್ತನ್ನೂ ಓದಿ ಗುರುಗಳು, "ಚಂದ ಐತಿ" ಎಂದರು. ಇನ್ನೂ ಮಸಿ ತುಂಬದ ಮೈಲಾರಿಯ ಗರಿಗಳನ್ನು ಬಿಸಿಲಿಗೆ ಓರೆ ಹಿಡಿದು ಓದುತ್ತ, ಮೂರನೆಯದಕ್ಕೆ ಬಂದಾಗ ಶಲ್ಯದಿಂದ ಕಣ್ಣೊರೆಸಿಕೊಂಡರು.

ಆ ಕಣ್ಣಲ್ಲಿ ಒಂದು ಹನಿ ತರಿಸಲು ಚೆನ್ನರಸ ಏಳು ವರ್ಷ ಒದ್ದಾಡಿದ್ದ. ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

"ಅಪ್ಪಾವರ, ನನ್ನ ಕಾವ್ಯದಾಗ ಸಾವಿರ ಮಂದಿ ಸತ್ತಾರ."

"ಒಬ್ಬರ ಹೆಸರು ಹೇಳಪಾ."

ಚೆನ್ನರಸ ತನ್ನ ಗರಿಗಳನ್ನು ತಿರುವಿದ; ಮಾರಿಯದೊಂದೇ ಹೆಸರಿತ್ತು.

"ಓದೂದು ಮೈಲಾರಿದು. ಓದಾಂವ ನೀನು. ಮಸೀನೂ ನೀನ ತುಂಬು" ಎಂದರು ಗುರುಗಳು.

ಗರಿಯಲ್ಲಿ ಕೊರೆದ ಅಕ್ಷರ ದೀಪದ ಮಸಿ ಉಜ್ಜುವ ತನಕ ಸುಲಭಕ್ಕೆ ಕಣ್ಣಿಗೆ ಕಾಣುವುದಿಲ್ಲ. ಒಬ್ಬ ಬರೆದದ್ದಕ್ಕೆ ಇನ್ನೊಬ್ಬ ಮಸಿ ತುಂಬುವುದು ಆ ಮಠದ ಪದ್ಧತಿ. ಚೆನ್ನರಸನ ಎಂಬತ್ತು ಪದ್ಯಕ್ಕೂ ಮೈಲಾರಿ ಒಂದು ಕೊಂಬು ಬಿಡದೆ ತುಂಬಿಕೊಟ್ಟಿದ್ದ. ಅದು ನೆನಪಾಗಿ ಚೆನ್ನರಸನಿಗೆ ಇನ್ನಷ್ಟು ಉರಿಯಿತು.

ಹನ್ನೊಂದು ಗರಿಗೆ ಮಸಿ ತುಂಬಿದ. ಮೂರನೆಯದನ್ನು ಹಾಗೇ ಬಿಟ್ಟ. ಅದರಲ್ಲಿ ಏನಿದೆಯೆಂದು ನೋಡಲೂ ಇಲ್ಲ.

ವರ್ಷಾಬ್ದಿಯ ದಿನ ಊರೆಲ್ಲ ಬಂದು ಅಂಗಳದಲ್ಲಿ ಕೂತಿತು. ಎರಡು ಗರಿ ಓದಿ ಚೆನ್ನರಸ ನಿಲ್ಲಿಸಿದ.

"ಇದರಾಗ ಅಕ್ಷರ ಕಾಣವಲ್ಲವು. ಮೈಲಾರಿ ಸರಿಯಾಗಿ ಕೊರದಿಲ್ಲ. ಮುಂದಿಂದು ಓದಲೇನ್ರಿ?"

ಹಿಂದಿನಿಂದ ಕುಂಬಾರರ ಗಂಗವ್ವ ಎದ್ದು ಬಂದಳು. "ಮೂರನೇದು ನನ್ನ ಮಗಳದೈತಿ ಯಪ್ಪಾ. ಮೈಲಾರಿ ಹೇಳಿದ್ದ. ಅದನ್ನ ಕೇಳಾಕಂತನ ಬಂದೀನಿ. ಅದೊಂದು ಬಿಡಬ್ಯಾಡ."

ಚೆನ್ನರಸ ಗರಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದ. ಗೀರುಗಳ ನಡುವೆ ಕೆಲವು ಮಾತು ಸಿಕ್ಕವು. ನೀಲಿ. ಆರು ವರ್ಷ. ಜ್ವರದಲ್ಲಿ ಮಜ್ಜಿಗೆ ಬೇಡಿದಳು. ಪಥ್ಯವೆಂದು ಕೊಡಲಿಲ್ಲ.

ಅವನು ಗರಿಯನ್ನು ಕೆಳಗಿಟ್ಟು ಗುರುಗಳ ಕಡೆ ತಿರುಗಿದ.

"ಅಪ್ಪಾವರ, ಮೈಲಾರಿ ಸರಿಯಾಗೇ ಕೊರದಾನ. ಮಸಿ ತುಂಬದ ಬಿಟ್ಟಾಂವ ನಾನು. ಹೊಟ್ಟಿಕಿಚ್ಚಿಗೆ ಬಿಟ್ಟೆ."

ಗುರುಗಳು ಬೈಯಲಿಲ್ಲ. ಮಸಿಯ ಬಟ್ಟಲನ್ನು ಅವನ ಮುಂದೆ ಸರಿಸಿದರು.

"ಲಗೂನ ತುಂಬಪಾ. ಆ ಕೂಸು ಇನ್ನೂ ಮಜ್ಜಿಗಿ ಬೇಡಾಕತ್ತೈತಿ."