ಎಡಗಾಲಿನ ಚಪ್ಪಲಿ

ಚಳ್ಳಕೆರೆಯಲ್ಲಿ ರುದ್ರಮುನಿ ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರು ಅಂದುಕೊಳ್ಳಬೇಡಿ. ಅವರು ಮೋಟಾರ್ ಸೈಕಲ್ ಕಲಿಸುವ ಮೇಷ್ಟ್ರು. ಮೂವತ್ತೈದು ವರ್ಷ ಊರಾಚೆಯ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಎಂಟು ಬರೆದು, ಅದರ ಮೇಲೆ ಗಾಡಿ ಓಡಿಸುವುದನ್ನು ಊರಿನ ಅರ್ಧ ಜನಕ್ಕೆ ಕಲಿಸಿದವರು. ಲೈಸೆನ್ಸ್ ಬೇಕಾದವರು ಎಂಟು ಹಾಕಲೇಬೇಕಲ್ಲ, ಅವರ ಹತ್ತಿರ ಹೋಗದೆ ವಿಧಿಯಿರಲಿಲ್ಲ.

ಅವರದು ಒಂದೇ ನಿಯಮ. ಗಾಡಿ ಪೂರ್ತಿ ನಿಲ್ಲುವ ಮೊದಲು ಕಾಲು ನೆಲಕ್ಕೆ ತಾಗಿದರೆ ನಾಪಾಸು. ಕಲ್ಲು ಅಡ್ಡ ಬಂತು, ಗಾಳಿ ಬೀಸಿತು, ಚಪ್ಪಲಿ ಜಾರಿತು, ಇಂಥ ಕಥೆಗಳೆಲ್ಲ ಅಲ್ಲಿ ನಡೆಯುತ್ತಿರಲಿಲ್ಲ. ಹೆಂಡತಿಯ ತಮ್ಮನನ್ನೇ ಒಮ್ಮೆ ನಾಪಾಸು ಮಾಡಿ ಮನೆಗೆ ಕಳಿಸಿದ್ದರು. ಆ ಪುಣ್ಯಾತ್ಮ ಎರಡು ಯುಗಾದಿ ಅವರ ಮನೆಯ ಹೋಳಿಗೆ ಮುಟ್ಟಲಿಲ್ಲ. ಮೇಷ್ಟ್ರು ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ.

ಇನ್ನೊಂದು ವಿದ್ಯೆಯೂ ಅವರಿಗಿತ್ತು. ಗಾಡಿಯ ಟೈರು ನೋಡಿ ಓಡಿಸುವವನ ಗುಣ ಹೇಳುತ್ತಿದ್ದರು. ಇವನು ಕೊನೇ ಗಳಿಗೆಯಲ್ಲಿ ಬ್ರೇಕ್ ಹಾಕುವವನು, ಇವನು ಮೂರು ಜನ ಕೂರಿಸಿಕೊಂಡು ಹೋಗುವವನು, ಇವನು ಗಾಳಿ ಹೊಡೆಸಲು ಸೋಮಾರಿ. ಮನುಷ್ಯ ಸುಳ್ಳು ಹೇಳಬಹುದು, ಸವೆದ ಜಾಗ ಸುಳ್ಳು ಹೇಳಲ್ಲ ಅನ್ನುವುದು ಅವರ ಮಾತು. ಯಾವುದಾದರೂ ಒಂದು ‘ಯಾಕೆ’ ತಲೆಗೆ ಹೊಕ್ಕರೆ ಉತ್ತರ ಸಿಗುವ ತನಕ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಈಗ ಅವರಿಗೆ ಎಪ್ಪತ್ತೊಂದು. ಕಲಿಸುವುದನ್ನು ಬಿಟ್ಟು ಬಹಳ ದಿನವಾಗಿದ್ದರೂ ಓಡಿಸುವುದನ್ನು ಬಿಟ್ಟಿರಲಿಲ್ಲ. ಕಪ್ಪು ಬುಲೆಟ್ಟು, ಅವರಿಗಿಂತ ಮೂರು ಪಟ್ಟು ಭಾರದ್ದು. ಸಂತೆಗೆ, ಮದುವೆಗೆ, ಮಠಕ್ಕೆ, ಎಲ್ಲಿಗೆ ಹೋದರೂ ಹಿಂದೆ ಹೆಂಡತಿ ಸರ್ವಮಂಗಳಮ್ಮ ಎಡಗಡೆಗೆ ಕಾಲು ಇಳಿಬಿಟ್ಟು, ಸೆರಗು ಸಿಕ್ಕಿಸಿಕೊಂಡು ಕೂರುತ್ತಿದ್ದರು. ಎತ್ತರದ ಹೆಂಗಸು, ಮಾತು ಕಡಿಮೆ. ಗಾಡಿ ಗುಡುಗುಡು ಅಂತ ಬಂದರೆ ಅಂಗಡಿಯವರು ತಲೆಯೆತ್ತಿ, ಮೇಷ್ಟ್ರು ಬಂದರು ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಮೇಷ್ಟ್ರು ಬೇಕೆಂದೇ ಪೇಟೆ ಬೀದಿ ಸುತ್ತಿಕೊಂಡು ಹೋಗುತ್ತಿದ್ದರು ಅನ್ನುವುದನ್ನು ನಾನು ನಿಮಗೆ ಗುಟ್ಟಾಗಿ ಹೇಳುತ್ತಿದ್ದೇನೆ.

ಇನ್ನು ಸಾಕು, ಗಾಡಿ ಬಿಡಿ ಎಂದು ದಾವಣಗೆರೆಯ ಮಗಳು ವಾರವಾರ ಫೋನಿನಲ್ಲಿ ಹೇಳುತ್ತಿದ್ದಳು. ಡಾಕ್ಟರೂ ಹೇಳಿದ್ದರು. ಮೇಷ್ಟ್ರ ಉತ್ತರ ಸಿದ್ಧವಿತ್ತು. ವಯಸ್ಸು ನೋಡಿ ಬಿಡುವುದಿಲ್ಲ, ನಾಪಾಸಾದ ದಿನ ಬಿಡುತ್ತೇನೆ. ಅದಕ್ಕಾಗಿ ಪ್ರತಿ ತಿಂಗಳ ಮೊದಲ ಸೋಮವಾರ ಮೈದಾನಕ್ಕೆ ಹೋಗಿ, ತಾವೇ ಎಂಟು ಬರೆದು, ತಾವೇ ಓಡಿಸಿ, ತಾವೇ ಪಾಸು ಮಾಡಿಕೊಂಡು ಬರುತ್ತಿದ್ದರು. ಕಾಲು ಒಮ್ಮೆಯೂ ಮೊದಲೇ ಇಳಿದಿರಲಿಲ್ಲ. ಇದರಲ್ಲಿ ಮೋಸ ಇರಲಿಲ್ಲ, ನಿಜವಾಗಿಯೂ ಪಾಸಾಗುತ್ತಿದ್ದರು.

ಹೀಗಿರುವಾಗ ಒಂದು ದಿನ ಹೆಂಡತಿಯ ಚಪ್ಪಲಿ ರಿಪೇರಿಗೆಂದು ಬಸ್ ಸ್ಟ್ಯಾಂಡ್ ಎದುರಿನ ದುರುಗಪ್ಪನ ಹತ್ತಿರ ಹೋದರು. ದುರುಗಪ್ಪ ಚಪ್ಪಲಿ ಹೊಲಿಯುವುದರಲ್ಲಿ ಎತ್ತಿದ ಕೈ, ಮೇಷ್ಟ್ರ ವಾರಗೆಯವನೇ. ಚಪ್ಪಲಿ ತಿರುಗಿಸಿ ನೋಡಿದವನು ಕೈಯಲ್ಲಿದ್ದ ಉಳಿ ಕೆಳಗಿಟ್ಟ.

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಅಮ್ಮೋರು ಎಡಗಾಲು ಎಳೀತಾರಾ?”

ಇಲ್ಲವಲ್ಲ ಎಂದರು ಮೇಷ್ಟ್ರು. ಅವಳ ನಡಿಗೆ ಕಾಲೇಜು ಹುಡುಗಿಯರಿಗೂ ಇಲ್ಲ ಅಂತಲೂ ಸೇರಿಸಿದರು. ದುರುಗಪ್ಪ ಎರಡೂ ಚಪ್ಪಲಿ ಪಕ್ಕಪಕ್ಕ ಇಟ್ಟ. ಬಲಗಾಲಿನದು ಹೊಸದರ ಹಾಗೆ ಇತ್ತು. ಎಡಗಾಲಿನದು ಮಾತ್ರ ಹೆಬ್ಬೆರಳ ತುದಿಯಲ್ಲಿ ಓರೆಯಾಗಿ, ಬಡಗಿಯ ಉಜ್ಜುಗೊರಡಿನಿಂದ ಉಜ್ಜಿದ ಹಾಗೆ ಸವೆದುಹೋಗಿತ್ತು. ವರ್ಷದಲ್ಲಿ ಇದು ಮೂರನೇ ಸಲ, ಮೂರು ಸಲವೂ ಅದೇ ಜಾಗ ಎಂದ ದುರುಗಪ್ಪ.

ಮೇಷ್ಟ್ರ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಮನೆಗೆ ಬಂದವರೇ ಹೆಂಡತಿಯನ್ನು ಕೇಳಿದರು. ಚಪ್ಪಲಿ ಅಂದಮೇಲೆ ಸವೆಯದೆ ಇರುತ್ತಾ ಅಂದು ಆಕೆ ಒಗ್ಗರಣೆ ಕಡೆ ತಿರುಗಿಕೊಂಡರು. ಮೇಷ್ಟ್ರು ಬಿಡಲಿಲ್ಲ. ಎರಡು ದಿನ ಹೆಂಡತಿಯ ಹಿಂದೆ ಹಿಂದೆಯೇ ನಡೆದು ಹೆಜ್ಜೆ ನೋಡಿದರು. ಅಂಗಡಿಗೆ ಹೋದರೂ ಹಿಂದೆ, ಹೂವು ತರಲು ಹೋದರೂ ಹಿಂದೆ. ಮದುವೆಯಾದ ಹೊಸದರಲ್ಲೂ ಇಷ್ಟು ಹಿಂದೆ ಬೀಳಲಿಲ್ಲವಲ್ಲ ಎಂದು ಪಕ್ಕದ ಮನೆಯವರು ನಕ್ಕರು. ನಡಿಗೆ ನೆಟ್ಟಗೇ ಇತ್ತು. ಹೊಲಿಗೆ ಯಂತ್ರ ತುಳಿದು ಸವೆಯಿತೇ? ಆಕೆ ಅದನ್ನು ಬರಿಗಾಲಲ್ಲಿ ತುಳಿಯುವುದು. ಮತ್ತೆ?

ಮೂರನೇ ದಿನ ಚಪ್ಪಲಿಯನ್ನು ಟೈರಿನ ಹಾಗೆ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ನೋಡಿದರು. ಗೀರುಗಳೆಲ್ಲ ಓರೆಯಾಗಿ, ಒಂದೇ ದಿಕ್ಕಿಗೆ ಎಳೆದಂತೆ ಇದ್ದವು. ಸಂದಿಯಲ್ಲಿ ಟಾರಿನ ಕಪ್ಪು. ನಿಂತ ಕಾಲಿಗೆ ಇಂಥ ಗೀರು ಬೀಳುವುದಿಲ್ಲ. ನೆಲ ಓಡುತ್ತಿರಬೇಕು, ಕಾಲು ತಾಗುತ್ತಿರಬೇಕು. ಮೇಷ್ಟ್ರು ಮೆಲ್ಲಗೆ ತಲೆಯೆತ್ತಿ ಅಂಗಳದಲ್ಲಿ ನಿಂತಿದ್ದ ಬುಲೆಟ್ಟನ್ನು ನೋಡಿದರು.

ಅಂದು ಸಂಜೆ ಮಠಕ್ಕೆ ಹೊರಡುವ ಮೊದಲು ಯಾರಿಗೂ ಹೇಳದೆ ಮನೆಯ ಗೇಟಿನ ಮುಂದೆ ಒಂದಿಷ್ಟು ಸುಣ್ಣದ ಪುಡಿ ಹರಡಿದರು. ಮಠದಿಂದ ಬಂದು ಅದರ ಮೇಲೆಯೇ ಗಾಡಿ ನಿಲ್ಲಿಸಿದರು. ಹೆಂಡತಿ ಒಳಗೆ ಹೋದ ಮೇಲೆ ಬಗ್ಗಿ ನೋಡಿದರು. ನಡುವೆ ಟೈರಿನ ಗುರುತು. ಅದರ ಎಡಕ್ಕೆ ಅವರದೇ ಕಾಲಿನ ಗುರುತು. ಸ್ವಲ್ಪ ಹಿಂದೆ, ಟೈರಿನ ಪಕ್ಕದಲ್ಲೇ, ಒಂದು ಮೊಳ ಉದ್ದಕ್ಕೆ ಎಳೆದ ಇನ್ನೊಂದು ಗೀಟು. ಗೀಟಿನ ಕೊನೆಯಲ್ಲಿ ಹೆಬ್ಬೆರಳು ಒತ್ತಿ ನಿಂತ ಗುಂಡಿ.

ಮೇಷ್ಟ್ರಿಗೆ ಉತ್ತರ ಸಿಕ್ಕಿತು, ಅರ್ಧ ಮಾತ್ರ. ಗಾಡಿ ನಿಲ್ಲಿಸುವಾಗ ಹೆಂಡತಿ ನೆಲಕ್ಕೆ ಕಾಲು ಕೊಡುತ್ತಿದ್ದಾಳೆ, ಸರಿ. ಹೆದರಿಕೆಯಿಂದ ಬಂದ ಬರೀ ಅಭ್ಯಾಸವೋ? ಅಥವಾ ಆ ಕಾಲಿಲ್ಲದೆ ಗಾಡಿ ನಿಲ್ಲುವುದೇ ಇಲ್ಲವೋ? ಕೇಳಿದರೆ ಆಕೆ ಹೇಳುವವರಲ್ಲ. ಆ ರಾತ್ರಿಯೂ ಊಟ ರುಚಿಸಲಿಲ್ಲ.

ಮೊದಲ ಸೋಮವಾರ ಬಂತು. ಎಂದೂ ಇಲ್ಲದೆ ಅವತ್ತು ನೀನೂ ಬಾ ಎಂದು ಹೆಂಡತಿಯನ್ನು ಆಟೋದಲ್ಲಿ ಮೈದಾನಕ್ಕೆ ಕರೆಸಿಕೊಂಡರು. ಎಂಟು ಬರೆದರು. ಒಬ್ಬರೇ ಓಡಿಸಿ ಪಾಸಾದದ್ದು ಲೆಕ್ಕಕ್ಕಿಲ್ಲ, ಈ ಸಲ ಹಿಂದೆ ಭಾರ ಬೇಕಿತ್ತು. ಮೈದಾನದ ಎದುರಿನ ಅಕ್ಕಿ ಅಂಗಡಿಯವರ ಕೈಲಿ ಒಂದು ಅಕ್ಕಿ ಮೂಟೆಯನ್ನು ಹಿಂದಿನ ಸೀಟಿಗೆ ಬಿಗಿಯಾಗಿ ಕಟ್ಟಿಸಿದರು. ನಿನ್ನ ತೂಕ ಎಷ್ಟು ಎಂದು ಹೆಂಡತಿಯನ್ನು ಕೇಳುವ ಧೈರ್ಯ ಲೋಕದಲ್ಲಿ ಯಾವ ಗಂಡನಿಗೂ ಇಲ್ಲ, ಹಾಗಾಗಿ ಅಂದಾಜಿನ ಮೇಲೆ ಐವತ್ತು ಕೆಜಿ. ಮೂಟೆಗೆ ಕಾಲಿಲ್ಲವಲ್ಲ, ಅದೇ ಅವರಿಗೆ ಬೇಕಾಗಿದ್ದದ್ದು.

ಮೂಟೆ ಕಟ್ಟುವುದನ್ನು ನೋಡಿದ ಕೂಡಲೇ ಸರ್ವಮಂಗಳಮ್ಮನಿಗೆ ಎಲ್ಲ ಗೊತ್ತಾಯಿತು. ಎದ್ದು ಬಂದು ಗಾಡಿಯ ಹ್ಯಾಂಡಲ್ ಹಿಡಿದರು.

“ಬೇಡ ಕಣ್ರೀ. ಗೊತ್ತಾಗಿದೆಯಲ್ಲ, ಸಾಕು ಬಿಡಿ.”

“ಗೊತ್ತಾಗೋದು ಬೇರೆ, ಪರೀಕ್ಷೆ ಬೇರೆ. ಊರಿಗೆಲ್ಲ ಮಾಡಿದ್ದೀನಿ ಮಂಗಳಾ, ನನಗೂ ಆಗಲಿ.”

ಆಕೆ ಕೈ ಬಿಟ್ಟರು.

ಮೇಷ್ಟ್ರು ಹೊರಟರು. ಎಂಟಿನ ಮೊದಲ ಸುತ್ತು ಚೆನ್ನಾಗಿ ಬಂತು. ಎರಡನೆಯದೂ ಬಂತು. ಅಂಗಡಿಯವರು ಭೇಷ್ ಅಂದರು. ಇನ್ನು ನಿಲ್ಲಿಸುವುದೊಂದೇ ಬಾಕಿ. ಬ್ರೇಕ್ ಹಾಕಿದರು, ನಿಂತ ಮೇಲೆಯೇ ಎಡಗಾಲು ಊರಿದರು. ಎಂದಿನಂತೆ ಗಾಡಿ ಎಡಕ್ಕೆ ವಾಲಿತು. ಎಂದಿನಂತೆ ಇನ್ನೇನು ಒಂದು ಕಡೆ ತಡೆದು ನಿಲ್ಲುತ್ತದೆ ಎಂದು ಕಾದರು. ಇಷ್ಟು ದಿನ ಹಾಗೆ ನಿಂತದ್ದು ತಮ್ಮ ಮೊಣಕಾಲಿನ ಬಲ ಎಂದೇ ತಿಳಿದಿದ್ದರು. ಇವತ್ತು ಆ ತಡೆ ಬರಲಿಲ್ಲ. ಮೊಣಕಾಲು ಮಡಚಿತು, ಗಾಡಿ, ಮೂಟೆ, ಮೇಷ್ಟ್ರು ಮೂವರೂ ಸುಣ್ಣದ ಗೆರೆಯ ಮೇಲೆ ಮಲಗಿದರು.

ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹೆಂಡತಿ ಓಡಿ ಬಂದರು, ಅಂಗಡಿಯವರು ಗಾಡಿ ಎತ್ತಿದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಟ್ಟಿಯ ಜಾತಿ ಅವರದಲ್ಲ. ಮೀಸೆಯ ತುಂಬ ಸುಣ್ಣ ಮೆತ್ತಿಕೊಂಡು ಕೂತಲ್ಲೇ ಕೂತು, ಮೊಟ್ಟಮೊದಲ ಸಲ ಹೆಂಡತಿಯ ಎಡಗಾಲನ್ನು ಹತ್ತಿರದಿಂದ ನೋಡಿದರು. ಪಾದದ ಮೇಲಿನ ಹರಡು ಊದಿತ್ತು. ದಿನಾ ಸಂಜೆ ಆಕೆ ಆ ಹರಡಿಗೆ ಎಣ್ಣೆ ತಿಕ್ಕುತ್ತಿದ್ದುದನ್ನು ಅವರು ಕಂಡಿದ್ದರು, ವಯಸ್ಸಾಯಿತಲ್ಲ ಎಂದು ತಾವೇ ಸಮಾಧಾನ ಬೇರೆ ಹೇಳಿದ್ದರು. ಟೈರಿನ ಗೀರು ಓದಿದ ಕಣ್ಣಿಗೆ ಮನೆಯೊಳಗಿನ ಊತ ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

“ಎಷ್ಟು ದಿನದಿಂದ?” ಎಂದು ಕೇಳಿದರು.

ಮೂರು ವರ್ಷದ ಹಿಂದೆ ನಿಮಗೆ ಚಿಕೂನ್‌ಗುನ್ಯಾ ಬಂದು ಹೋಯಿತಲ್ಲ, ಆಮೇಲಿನಿಂದ, ಎಂದರು ಆಕೆ. ರೈಲ್ವೆ ಗೇಟಿನ ಹತ್ತಿರ ಗಾಡಿ ವಾಲಿದಾಗ ಗಾಬರಿಯಲ್ಲಿ ಕಾಲು ಕೊಟ್ಟಿದ್ದಂತೆ, ಆಮೇಲೆ ನಿಲ್ಲಿಸಿದಲ್ಲೆಲ್ಲ ಕೊಡುತ್ತಲೇ ಬಂದರಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಆಕೆ ಸೆರಗಿನಿಂದ ಗಂಡನ ಮೀಸೆಯ ಸುಣ್ಣ ಒರೆಸಿದರು.

“ನಾನು ಬೀಳ್ತೀನಿ ಅಂತ ಹೆದರಿಕೆ ಇರಲಿಲ್ಲ ಕಣ್ರೀ. ಪೇಟೆ ಬೀದೀಲಿ ಎಲ್ಲರ ಎದುರಿಗೆ ಮೇಷ್ಟ್ರು ನಾಪಾಸು ಅನ್ನೋ ಹಾಗೆ ಆಗಬಾರದು ಅಂತ.”

ಮೇಷ್ಟ್ರ ಕಣ್ಣು ತುಂಬಿ ಬಂತು. ಮೆಲ್ಲಗೆ ಎದ್ದು ನಿಂತರು. ಗಾಡಿಯ ಕೀ ತೆಗೆದು ಹೆಂಡತಿಯ ಕೈಗೆ ಕೊಟ್ಟರು.

“ಗಾಡಿ ನಿಲ್ಲೋ ಮೊದಲೇ ಕಾಲು ನೆಲಕ್ಕೆ ತಾಗಿದೆ. ಯಾರ ಕಾಲಾದರೇನು? ನಾಪಾಸು.”

ಬುಲೆಟ್ಟನ್ನು ಮಾರಿದರು. ಕೊಳ್ಳಲು ಬಂದವರಿಗೂ ಎಂಟು ಹಾಕಿಸಿ ನೋಡಿದ ಮೇಲೆಯೇ ಮಾತು. ಮೊದಲು ಬಂದ ಇಬ್ಬರು ನಾಪಾಸಾಗಿ ಮುಖ ಊದಿಸಿಕೊಂಡು ಹೋದರು. ಮೂರನೆಯವನು ಗಾಡಿ ತೆಗೆದುಕೊಂಡು ಹೋದ ದಿನ ಮೇಷ್ಟ್ರು ಆ ಸದ್ದು ಪೂರ್ತಿ ಅಡಗುವ ತನಕ ಗೇಟಿನ ಹತ್ತಿರ ನಿಂತಿದ್ದರು. ದುಃಖ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ವಾರವೆಲ್ಲ ಕೈ ಸುಮ್ಮಸುಮ್ಮನೆ ಹ್ಯಾಂಡಲ್ ಹುಡುಕುತ್ತಿತ್ತು.

ಆಮೇಲೆ ಗಂಡ ಹೆಂಡತಿ ಪೇಟೆಗೆ ನಡೆದೇ ಹೋಗತೊಡಗಿದರು, ದೂರವಾದರೆ ಬಸ್ಸು. ಬಸ್ಸಿನಲ್ಲಿ ಮೇಷ್ಟ್ರಿಗೆ ಹೊಸ ಹೊಸ ‘ಯಾಕೆ’ಗಳು ಸಿಕ್ಕವು. ಕಂಡಕ್ಟರು ಯಾವುದನ್ನೂ ಹಿಡಿದುಕೊಳ್ಳದೆ ಹೇಗೆ ನಿಲ್ಲುತ್ತಾನೆ ಎಂದು ಒಂದು ತಿಂಗಳು ಅವನ ಕಾಲನ್ನೇ ನೋಡಿದರು. ಗಾಡಿಯ ಸದ್ದಿಲ್ಲದಿದ್ದರೂ ಅಂಗಡಿಯವರು ತಲೆಯೆತ್ತಿ, ಮೇಷ್ಟ್ರು ಬಂದರು ಅನ್ನುವುದನ್ನು ನಿಲ್ಲಿಸಲಿಲ್ಲ. ಜೊತೆಗೆ, ಬನ್ನಿ, ಕೂತ್ಕೊಳ್ಳಿ ಅನ್ನುವುದೂ ಶುರುವಾಯಿತು.

ಒಂದು ವರ್ಷ ಕಳೆದ ಮೇಲೆ ಮೇಷ್ಟ್ರು ಹೆಂಡತಿಯ ಚಪ್ಪಲಿ ಜೊತೆಯನ್ನು ಕಾಗದದಲ್ಲಿ ಸುತ್ತಿಕೊಂಡು ದುರುಗಪ್ಪನ ಎದುರಿಗೆ ಇಟ್ಟರು. ದುರುಗಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದ. ಎಲ್ಲೂ ಕಿತ್ತಿಲ್ಲವಲ್ಲ ಮೇಷ್ಟ್ರೇ, ಏನು ಮಾಡಬೇಕು ಎಂದು ಕೇಳಿದ.

“ಏನೂ ಮಾಡಬೇಡ. ತಳ ನೋಡು.”

ದುರುಗಪ್ಪ ಎರಡನ್ನೂ ಬೋರಲು ಹಾಕಿ ಪಕ್ಕಪಕ್ಕ ಇಟ್ಟ. ಎಡಗಾಲಿನದು ಎಷ್ಟು ಸವೆದಿತ್ತೋ ಬಲಗಾಲಿನದೂ ಅಷ್ಟೇ ಸವೆದಿತ್ತು. ಅವನು ಚಪ್ಪಲಿ ಬಿಟ್ಟು ಮೇಷ್ಟ್ರ ಮುಖ ನೋಡಿದ.

“ಪಾಸು,” ಎಂದರು ಮೇಷ್ಟ್ರು.

ನೀತಿ: ನನಗಿನ್ನೂ ಶಕ್ತಿಯಿದೆ ಎಂದು ಬೀಗುವ ಮೊದಲು, ನಮ್ಮನ್ನು ಬೀಳದಂತೆ ಹಿಡಿದವರು ಎಲ್ಲಿ ಸವೆಯುತ್ತಿದ್ದಾರೆ ಎಂದು ಬಗ್ಗಿ ನೋಡಬೇಕು. ಪ್ರೀತಿಸಿದ್ದನ್ನು ಬಿಡುವ ಹೊತ್ತು ಯಾವುದೆಂದು ಅಲ್ಲಿ ಬರೆದಿರುತ್ತದೆ.