ಬೀಜದ ಹೋರಿಯನ್ನು ಬಿಡಿಸಿ ತಂದ ಸಣ್ಣೀರ

ಮಾರರಸನ ರಾಜ್ಯದಲ್ಲಿ ಒಂದು ಮುಂಜಾನೆ ಮತ್ತೊಮ್ಮೆ ಡಂಗುರ ಸಾರಿದರು. "ಕೇಳಿರಪ್ಪಾ ಕೇಳಿ. ಅರಸುಮಗಳು ಹೊನ್ನಾಂಬೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನು ಅವಳ ಕೈಹಿಡಿಯುತ್ತಾನೆ, ಬೇಡಿದ್ದನ್ನು ಪಡೆಯುತ್ತಾನೆ. ಒಂದು ತಪ್ಪಿದರೂ ತಲೆ ಕೋಟೆ ಬಾಗಿಲಿಗೆ."

ಡಂಗುರದವನ ಹಿಂದೆಯೇ ಅರಮನೆಯ ಆಳುಗಳು ಬಂದರು. ಮದುವೆ ಇಂದಲ್ಲ ನಾಳೆ ಆಗಿಯೇ ಆಗುತ್ತದೆ, ಔತಣಕ್ಕೆ ದನ ಬೇಕು ಎಂದು ಗುಡ್ಡದ ಮೇಲಿನ ಕೆಂಚವ್ವನ ದೊಡ್ಡಿಗೆ ನುಗ್ಗಿ, ಮೈತುಂಬಿ ನಿಂತಿದ್ದ ಹೋರಿಗೆ ಹಗ್ಗ ಹಾಕಿ ಎಳೆದುಕೊಂಡು ಹೋದರು.

ಕೆಂಚವ್ವನ ಮನೆಯವರು ತಲೆತಲಾಂತರದಿಂದ ಮಾಂಸಕ್ಕೆಂದೇ ದನ ಸಾಕುತ್ತಿದ್ದವರು. ಕಪ್ಪು ಮೈ, ಗಿಡ್ಡ ಕಾಲು, ಕಲ್ಲುಗುಡ್ಡ ಹತ್ತುವ ಗೊರಸು, ಇದು ಆ ನಾಡಿನ ಹಳೆಯ ತಳಿ. ಅರಸ ಕಡಲಾಚೆಯಿಂದ ಬೆಳ್ಳನೆಯ ದೈತ್ಯ ಹೋರಿಗಳನ್ನು ತರಿಸಿದ ಮೇಲೆ ಊರೂರಲ್ಲಿ ತಳಿ ಬೆರೆತುಹೋಗಿ, ಹಳೆಯದು ಉಳಿದದ್ದು ಇದೊಂದೇ ಮನೆಯಲ್ಲಿ. ಆಳುಗಳು ಒಯ್ದದ್ದು ಅದರ ಒಂದೇ ಒಂದು ಬೀಜದ ಹೋರಿ.

"ಅವ್ವಾ, ಹೋರಿ ಹೋದರೆ ತಳಿ ಹೋದಂತೆ," ಎಂದ ಮಗ ಸಣ್ಣೀರ.

"ನಿನ್ನ ತಲೆ ಹೋದರೆ ನನಗೆ ಮಗ ಎಲ್ಲಿಂದ ಬರಬೇಕು?"

"ಯಾರು ಗೆದ್ದರೂ ಅವತ್ತೇ ಅದನ್ನು ಕಡಿಯುತ್ತಾರೆ. ಗೆಲ್ಲುವವನು ನಾನೇ ಆದರೆ ಕೇಳಿ ತರಬಹುದು."

ಕೆಂಚವ್ವ ಬುತ್ತಿ ಕಟ್ಟಿದಳು. ಸೋರೆಬುರುಡೆಗೆ ನೀರು ತುಂಬಿ ಅವನ ಹೆಗಲಿಗೆ ಹಾಕಿದಳು.

ಕೋಟೆ ಇನ್ನೂ ದೂರವಿರುವಾಗಲೇ ನಾತ ಮೂಗಿಗೆ ಬಡಿಯಿತು. ಬಾಗಿಲ ಮೇಲೆ ಸಾಲಾಗಿ ಹಿಂದೆ ಸೋತವರ ತಲೆಗಳು. ಬಿಸಿಲಿಗೆ ಊದಿ, ತುಟಿ ಬಿರಿದು, ಕಣ್ಣಿನ ಗುಳಿಗಳಲ್ಲಿ ನೊಣ ಗುಂಯ್‌ಗುಡುತ್ತಿದ್ದವು. ಕೆಳಗೆ ಕಲ್ಲಿನ ಮೇಲೆ ಏನೋ ತೊಟ್ಟಿಕ್ಕಿ ಅಂಟಂಟಾಗಿತ್ತು. ದನ ಕಡಿದು ಬೆಳೆದ ಸಣ್ಣೀರನೂ ಮೂಗು ಮುಚ್ಚಿಕೊಂಡ. ಒಳಗೆ ಹೋದರೆ ಸಭೆಯ ತುಂಬ ಗಂಧದ ಹೊಗೆ. ಹೊಗೆಯ ಅಡಿಯಲ್ಲಿ ಅದೇ ನಾತ. ಹಿಂದಿನ ದಿನದ ಔತಣದ ಮಾಂಸ ಕಂಬಗಳ ಬುಡದಲ್ಲಿ ಹಳಸಿ ಬಿದ್ದಿತ್ತು. ಅರ್ಧ ಕಚ್ಚಿ ಬಿಸಾಡಿದ್ದ ತುಂಡುಗಳನ್ನು ನಾಯಿಗಳು ಕೂಡ ಮೂಸಿ ಬಿಡುತ್ತಿದ್ದವು.

ಹೊನ್ನಾಂಬೆ ಅತ್ತರಿನ ವಸ್ತ್ರವನ್ನು ಮೂಗಿಗೆ ಹಿಡಿದು ಕೂತಿದ್ದಳು. ಅಂದು ಮೊದಲು ಎದ್ದವನು ಹಿರೇಕೋಟೆಯ ಯುವರಾಜ.

"ಉಳ್ಳವರ ಅಂಗಳದಲ್ಲಿ ಕಂಡರೆ ಹೇಸಿಗೆ, ಬಡವರ ಅಂಗಳದಲ್ಲಿ ಕಂಡರೆ ಸಿರಿ. ಬಿದ್ದಾಗ ಮೆತ್ತಗೆ, ಒಣಗಿದರೆ ಬೆಂಕಿ, ಹೂತರೆ ಅನ್ನ. ಏನದು?" ಎಂದಳು.

ಯುವರಾಜ ಯೋಚಿಸಿ, "ಚಿನ್ನ," ಎಂದ. ಅವನನ್ನು ಹೊರಗೆ ಎಳೆದುಕೊಂಡು ಹೋದರು, ಕೊಡಲಿಯ ಸದ್ದು ಕೇಳಿಸಿತು.

ಎರಡನೆಯವನು ದಂಡನಾಯಕ. "ಅದು ಬೇಡ, ಮುಂದಿನ ಒಗಟಿನಿಂದ ಶುರುಮಾಡು," ಎಂದ.

"ಆಗಲಿ. ಹುಟ್ಟುವಾಗ ಇರುವುದಿಲ್ಲ, ಬೆಳೆದಂತೆ ಬರುತ್ತದೆ. ಬದುಕಿರುವಾಗ ತಿವಿಯುತ್ತದೆ, ಸತ್ತ ಮೇಲೆ ಕೂಗುತ್ತದೆ."

"ವೀರನ ಕೀರ್ತಿ," ಎಂದು ಎದೆಯುಬ್ಬಿಸಿದ. ಹೊರಗೆ ಕೊಡಲಿಯ ಸದ್ದು ಇನ್ನೊಮ್ಮೆ ಕೇಳಿಸಿತು. ಸಭೆಯಲ್ಲಿ ಯಾರೋ ತಾಂಬೂಲ ಉಗಿದು ನಕ್ಕರು.

ಸಣ್ಣೀರ ಮುಂದೆ ಬಂದ. "ಮೊದಲನೆಯದು ಸೆಗಣಿ. ಎರಡನೆಯದು ಕೊಂಬು."

ಹೊನ್ನಾಂಬೆ ನೆಟ್ಟಗೆ ಕೂತಳು. "ಮೂರನೆಯದನ್ನು ಇದುವರೆಗೆ ಕೇಳಿದವರೇ ಇಲ್ಲ. ಮೈತುಂಬ ಲೋಳೆ, ನೆತ್ತರು ಮೆತ್ತಿಕೊಂಡು ಒಬ್ಬ ನೆಂಟ ಬರುತ್ತಾನೆ. ಮನೆಯೊಡತಿ ಹೇಸದೆ ಅವನನ್ನು ನಾಲಿಗೆಯಿಂದಲೇ ತೊಳೆಯುತ್ತಾಳೆ. ಅವನು ಮೊದಲು ಮಂಡಿಯೂರುತ್ತಾನೆ, ಆಮೇಲೆ ನಿಲ್ಲುತ್ತಾನೆ. ಯಾರವನು?"

ನೆತ್ತರು ಎಂದೊಡನೆ ಸಣ್ಣೀರನ ಕಣ್ಮುಂದೆ ಬಾಗಿಲ ಮೇಲಿನ ಮುಖಗಳೇ ಬಂದವು. ಕೊಡಲಿಯವನು ಬಳಿಗೆ ಬಂದು ನಿಂತ. ಸಣ್ಣೀರ ಕಣ್ಣು ಮುಚ್ಚಿ, ಮಂಡಿಯೂರುವವನು ಯಾರೆಂದು ಮತ್ತೆ ಮತ್ತೆ ಕೇಳಿಕೊಂಡ. ಕಡೆಗೆ ಅವನ ಮುಖ ಸಡಿಲವಾಯಿತು.

"ಆಗತಾನೆ ಹುಟ್ಟಿದ ಕರು," ಎಂದ.

"ಊಹಿಸಿ ಹೇಳಿದೆಯೋ, ತಿಳಿದು ಹೇಳಿದೆಯೋ?" ಎಂದ ಅರಸ.

"ತಿಳಿದೇ, ಬುದ್ಧೀ. ಸೆಗಣಿ ನಿಮ್ಮ ಅಂಗಳದಲ್ಲಿ ಹೊಲಸು. ನಮಗೆ ಒಣಗಿದರೆ ಬೆರಣಿಯಾಗಿ ಒಲೆಗೆ, ಹೂತರೆ ಗೊಬ್ಬರವಾಗಿ ಹೊಲಕ್ಕೆ. ಕೊಂಬು ದನದ ತಲೆಯಲ್ಲಿದ್ದಾಗ ತಿವಿಯುತ್ತದೆ, ಕಹಳೆಯಾದರೆ ಕೂಗುತ್ತದೆ. ಕರುವನ್ನು ತಾಯಿ ನೆಕ್ಕಿ ಒಣಗಿಸುತ್ತಾಳೆ. ಏಳುವಾಗ ಅದು ಮುಂಗಾಲು ಮಂಡಿಯೂರಿ, ಹಿಂಗಾಲೆತ್ತಿ, ಆಮೇಲೆ ನಿಲ್ಲುತ್ತದೆ."

ಹೊನ್ನಾಂಬೆ ನಕ್ಕಳು. "ಗುಡ್ಡದಿಂದ ಬಂದ ನನ್ನ ದಾದಿ ಕಲಿಸಿದ ಒಗಟುಗಳಿವು. ಈ ಅತ್ತರಿನ ಗಂಡಸರನ್ನು ಕಂಡರೆ ನನಗಾಗದು. ಯಾವುದಕ್ಕೂ ಹೇಸದ ಗಂಡು ಬೇಕಾಗಿತ್ತು, ಸಿಕ್ಕಿದ."

"ನನಗೂ ಹೇಸಿಗೆಯಿದೆ, ತಾಯೀ," ಎಂದ ಸಣ್ಣೀರ. ತಾಯೀ ಎಂದದ್ದು ಕೇಳಿ ಅವಳ ನಗು ಇಳಿಯಿತು. "ನಾವೂ ಕೊಲ್ಲುವವರೇ. ಆದರೆ ಹಸಿವಿಗೆ ಕೊಲ್ಲುತ್ತೇವೆ, ಕೊಂದದ್ದರಲ್ಲಿ ಒಂದು ಎಲುಬನ್ನೂ ಹಾಳುಮಾಡುವುದಿಲ್ಲ. ನೀವು ಒಂದು ಒಗಟು ತಪ್ಪಿದ್ದಕ್ಕೆ ಕೊಂದು ಕೊಳೆಯಲು ಬಿಟ್ಟಿದ್ದೀರಿ. ಈ ಮನೆಯ ನೀರೂ ನನ್ನ ಗಂಟಲಲ್ಲಿ ಇಳಿಯದು. ಮದುವೆ ಬೇಡ. ನಮ್ಮ ಹೋರಿ ಕೊಡಿ. ಗುಡ್ಡದ ಹುಲ್ಲು ನಮ್ಮ ತಳಿಗೇ ಇರಲಿ, ಬಿಳಿಯ ಹೋರಿಗಳು ಅಲ್ಲಿಗೆ ಬರಬಾರದು. ಆ ತಲೆಗಳನ್ನು ಇಳಿಸಿ ಮಣ್ಣು ಮಾಡಿಸಿ."

ಅರಸನ ಮುಖ ಕೆಂಪೇರಿತು. ಆದರೆ ಬೇಡಿದ್ದನ್ನು ಕೊಡುವೆನೆಂದು ನಾಡಿಗೆಲ್ಲ ಸಾರಿಯಾಗಿತ್ತು. ಕೊಟ್ಟ.

ಹೊನ್ನಾಂಬೆ ಒಬ್ಬಳೇ ಎದ್ದು ಕೋಟೆ ಬಾಗಿಲಿಗೆ ನಡೆದಳು. ತಲೆ ತೆಗೆಸಿದ್ದು ಅವಳೇ ಆದರೂ ಅಲ್ಲಿಗೆ ಅವಳು ಒಮ್ಮೆಯೂ ಬಂದಿರಲಿಲ್ಲ. ಮೇಲೆ ನೋಡಿದಳು. ವಸ್ತ್ರ ಕೈಯಿಂದ ಜಾರಿತು, ಗೋಡೆ ಹಿಡಿದು ಕರುಳು ಕಿತ್ತುಬರುವಂತೆ ಕಾರಿಕೊಂಡಳು.

ಹೋರಿಯ ಹಗ್ಗ ಹಿಡಿದು ಹೊರಟಿದ್ದ ಸಣ್ಣೀರ ನಿಂತ. ಅವಳನ್ನು ನೋಡಲು ಅವನಿಗೆ ಮನಸ್ಸಾಗಲಿಲ್ಲ. ಆದರೂ ಸೋರೆಬುರುಡೆಯನ್ನು ಬಿಚ್ಚಿ ಅವಳ ಪಕ್ಕದಲ್ಲಿಟ್ಟು ಹೋರಿಯನ್ನು ಗುಡ್ಡದ ಕಡೆಗೆ ತಿರುಗಿಸಿದ.

ಅವಳು ಬಾಯಿ ಮುಕ್ಕಳಿಸಿ, ಏಣಿ ತರಿಸಿದಳು. ಆಳುಗಳನ್ನು ಪಕ್ಕಕ್ಕೆ ಸರಿಸಿ, ಯುವರಾಜನ ತಲೆಯನ್ನು ತನ್ನ ಎರಡು ಕೈಗಳಿಂದಲೇ ಇಳಿಸಿದಳು.