ನಾಲ್ಕು ಕಲ್ಲನ್ನು ನಂಬದ ಟಿಟ್ಟಿಭ

ಭೂಮಿ ಇನ್ನೂ ಹೊಸದು. ನೇಗಿಲು ಅದರ ಮೈಮೇಲೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ನೀನು ಸೈಕಲ್ ಹೊಡೆಯುವ ಬಡಾವಣೆ ಆಗ ಬರೀ ಬಯಲು.

ಆಗ ಟಿಟ್ಟಿಭ ಹಕ್ಕಿಯ ಕಣ್ಣಂಚು ಕೆಂಪಗಿರಲಿಲ್ಲ. ಅದಕ್ಕೆ ಕೂಗಲೂ ಬರುತ್ತಿರಲಿಲ್ಲ. ಅನುಮಾನ ಮಾತ್ರ ಆಗಲೂ ಇತ್ತು.

ಬರಿ ನೆಲದ ಮೇಲೆ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ ಇಟ್ಟು ಅದು ಕಾವು ಕೂತಿತ್ತು. ಒಂದು ಬೆಳಿಗ್ಗೆ ಚಿಕ್ಕೀರಮ್ಮ ಒಬ್ಬಳೇ ಮುಂದಾಗಿ ಬಂದಳು. ಗಂಡ ಗಿಡ್ಡಯ್ಯನ ಜೊತೆ ಲೋಕದ ಮೊದಲ ಹೊಲ ಮಾಡಲು ಹೊರಟವಳು.

“ಇಲ್ಲೇನು ಕೆಲಸ ನಿನಗೆ?” ಟಿಟ್ಟಿಭ ಮೆಲ್ಲಗೆ ಕೇಳಿತು.

“ಉಳೋಕೆ ಬಂದ್ವಿ ಕಣಕ್ಕಾ. ನಿನ್ನ ಗೂಡು ಬಿಟ್ಟೇ ಉಳ್ತೀವಿ.” ಗೂಡಿನ ಸುತ್ತ ಅವಳು ನಾಲ್ಕು ಕಲ್ಲು ಇಟ್ಟಳು. “ನೋಡು, ಇದರೊಳಕ್ಕೆ ನೇಗಿಲು ಬರಲ್ಲ.”

ಟಿಟ್ಟಿಭ ಒಂದು ಕಲ್ಲು ಕುಕ್ಕಿ ನೋಡಿತು. ಇನ್ನೊಂದನ್ನೂ ಕುಕ್ಕಿತು. “ಕಲ್ಲು ಮಾತು ಉಳಿಸಿಕೊಳ್ಳುತ್ತಾ?”

“ಅಯ್ಯೋ, ನಿನ್ನ ಅನುಮಾನಕ್ಕಿಷ್ಟು ಬೆಂಕಿ ಬೀಳ!” ಗಾಳಿ ನಕ್ಕಿತು. “ಬೆಳಗಿಂದ ಬಾಯಿಗೆ ಹನಿ ನೀರು ಬಿಟ್ಟಿಲ್ಲ. ಹೋಗೇ.”

“ಬಾರೇ, ಒಂದೇ ಗುಟುಕು,” ಅಂತ ಹಳ್ಳವೂ ಕರೆಯಿತು.

ತಿರುಗಿ ತಿರುಗಿ ನೋಡುತ್ತಾ ಟಿಟ್ಟಿಭ ಹಳ್ಳಕ್ಕೆ ಹೋಯಿತು. ಚಿಕ್ಕೀರಮ್ಮ ಅಂಬಲಿ ತರಲು ಮನೆಗೆ ಹೋದಳು.

ಆಮೇಲೆ ಗಿಡ್ಡಯ್ಯ ಎತ್ತು ಹೊಡೆದುಕೊಂಡು ಬಂದ. ಹೊಲದಲ್ಲಿ ಕಲ್ಲು ಕಂಡರೆ ಎತ್ತಿ ಅಂಚಿಗೆ ಎಸೆಯಬೇಕು, ಇಲ್ಲದಿದ್ದರೆ ನೇಗಿಲು ಮುರಿಯುತ್ತೆ. ಹಾಗಂತ ಹೇಳಿಕೊಟ್ಟವಳು ಚಿಕ್ಕೀರಮ್ಮನೇ! ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಅಂಚಿಗೆ ಹೋಗಿ ಬಿದ್ದವು.

ಟಿಟ್ಟಿಭ ಹಿಂದಿರುಗಿದಾಗ ಕಲ್ಲಿಲ್ಲ. ನೇಗಿಲು ಎರಡೇ ಮಾರು ದೂರ. ಎಂದೂ ಇರದಿದ್ದ ದನಿ ಅದರ ಗಂಟಲು ಸೀಳಿಕೊಂಡು ಬಂತು: “ಟೀ-ಟಿಟ್ಟೀ-ಟೀ!”

ಎತ್ತುಗಳು ಬೆಚ್ಚಿ ನಿಂತವು. ನೇಗಿಲ ಮೊನೆ ಮೊಟ್ಟೆಯ ಪಕ್ಕದ ಮಣ್ಣಲ್ಲೇ ಸಿಕ್ಕಿ ನಿಂತಿತು.

“ನಂಗೇನು ಕನಸು ಬಿದ್ದಿತ್ತಾ?” ಗಿಡ್ಡಯ್ಯ ತಲೆ ಕೆರೆದುಕೊಂಡ. “ಕಲ್ಲು ಬರೀ ಕಲ್ಲು ಅಂದ್ಕೊಂಡೆ.”

ಓಡಿ ಬಂದ ಚಿಕ್ಕೀರಮ್ಮ ಅಂದಳು, “ತಪ್ಪಾಯ್ತು ಕಣಕ್ಕಾ. ಮತ್ತೆ ಇಡ್ತೀನಿ.”

“ಇಡು, ಇಡು. ನಾನೂ ನೋಡ್ತಾ ಇರ್ತೀನಿ.”

ಅಂದಿನಿಂದ ಅದು ನೋಡುತ್ತಲೇ ಇದೆ. ನೋಡಿ ನೋಡಿ ಕಣ್ಣಂಚು ಕೆಂಪಾಯಿತು.

ಈಗ ನೀನು ಸೈಕಲ್ಲಿನಲ್ಲಿ ಹೋಗುವಾಗ ಸುಮ್ಮನೆ ಗಮನಿಸು. ಹುಲ್ಲಿನಡಿ ಉಳುಮೆಯ ಗೆರೆಗಳಿವೆ. ಯಾರದೋ ಗೇಟಿನ ಪಕ್ಕ ರಾಗಿ ಒಕ್ಕುತ್ತಿದ್ದ ಗುಂಡುಕಲ್ಲು ಮಲಗಿದೆ. ಖಾಲಿ ಸೈಟುಗಳ ಮೂಲೆಮೂಲೆಗೂ ಒಂದೊಂದು ಕಲ್ಲು, ಎಣಿಸಿದರೆ ಸೈಟಿಗೆ ಸರಿಯಾಗಿ ನಾಲ್ಕು. ಅದಕ್ಕೇ ಆ ಕಲ್ಲುಗಳ ನಡುವಿನಿಂದ ಟಿಟ್ಟಿಭ ಕೆಂಪು ಕಣ್ಣು ಬಿಟ್ಟುಕೊಂಡು ಏಳುತ್ತೆ, ಏನೂ ಮಾಡದ ನಿನ್ನ ಮೇಲೂ ಕೂಗುತ್ತೆ.